ಹಸು ತರುವ ಮೊದಲು ಹುಲ್ಲು ನೆಡಿ

ಊರಿಗೆ ಮರಳಿ ಬಂದು ತೋಟ ನೋಡಿಕೊಳ್ಳುತ್ತಿರುವ ಮಕ್ಕಳು ನನ್ನ ಹತ್ತಿರ ಎರಡು ಬಗೆಯ ಮಾತಾಡುತ್ತಾರೆ. ‘ಕೊಟ್ಟಿಗೆ ಇನ್ನು ಸಾಕು, ಅಮ್ಮನ ಕೈಲಿ ಆಗುವುದಿಲ್ಲ, ಇರುವ ಎರಡು ದನವನ್ನೂ ಯಾರಿಗಾದರೂ ಕೊಟ್ಟುಬಿಡೋಣ’ ಎನ್ನುವವರು ಕೆಲವರು. ‘ಸಾಲ ತೆಗೆದು ನಾಲ್ಕು ಎಚ್‌ಎಫ್ ಹಸು ತರೋಣ, ಡೇರಿಗೆ ಹಾಲು ಹಾಕೋಣ’ ಎನ್ನುವವರು ಇನ್ನು ಕೆಲವರು. ಇಬ್ಬರಿಗೂ ನಾನು ಕೇಳುವುದು ಒಂದೇ ಪ್ರಶ್ನೆ: ಹುಲ್ಲು ಎಲ್ಲಿದೆ? ಇಬ್ಬರಿಗೂ ಉತ್ತರ ಗೊತ್ತಿರುವುದಿಲ್ಲ. ಕೊಟ್ಟಿಗೆ ಮುಚ್ಚುವವರು ಹುಲ್ಲಿಲ್ಲದೆ ಸೋತವರು. ಹಸು ತರುವವರು ಹುಲ್ಲಿಲ್ಲದೆ ಮುಂದೆ ಸೋಲುವವರು. ನಿಮ್ಮ ಮೇಲಿನ ಅಕ್ಕರೆಯಿಂದಲೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ನಮಗೆ ಹುಲ್ಲಿನ ಬರ ಎಂದರೆ ಬಯಲುಸೀಮೆಯವರು ನಂಬುವುದಿಲ್ಲ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ, ಹೊಸನಗರ ತಾಲೂಕಿನ ಹುಲಿಕಲ್ಲಿನಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಆದರೆ ಅದೆಲ್ಲ ನಾಲ್ಕು ತಿಂಗಳ ಲೆಕ್ಕ. ದೀಪಾವಳಿ ಕಳೆದು ಒಂದು ತಿಂಗಳಾಗುವಷ್ಟರಲ್ಲಿ ಗುಡ್ಡ ಕೆಂಪಾಗುತ್ತದೆ. ಡಿಸೆಂಬರಿನಿಂದ ಮೇವರೆಗೆ ಇಲ್ಲಿನ ದನಕ್ಕೂ ಚಳ್ಳಕೆರೆಯ ದನಕ್ಕೂ ಹೊಟ್ಟೆಯ ವಿಷಯದಲ್ಲಿ ಅಂಥ ವ್ಯತ್ಯಾಸವಿಲ್ಲ. ಜುಲೈನಲ್ಲಿ ಎಲ್ಲೆಲ್ಲೂ ಹಸಿರು ನೋಡಿ ಹುಲ್ಲಿಗೇನು ಕೊರತೆ ಎಂದುಕೊಳ್ಳುವವರು ಮಾರ್ಚಿನಲ್ಲಿ ಹುಲ್ಲು ತರುವ ಲಾರಿಯವನ ಫೋನಿಗೆ ಕಾಯುತ್ತಾರೆ.

ನಮ್ಮ ಹಿರಿಯರಿಗೆ ಈ ಐದಾರು ತಿಂಗಳು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಪ್ರತಿ ಮನೆಗೂ ಬೇಣವಿತ್ತು. ಬೇಣವೆಂದರೆ ದನ ಬಿಟ್ಟಲ್ಲಿ ಮೇಯುವ ಪಾಳುಜಾಗ ಎಂದು ಈಗಿನವರು ತಿಳಿದಿದ್ದಾರೆ. ಹಾಗಿರಲಿಲ್ಲ. ಮಳೆಗಾಲ ಶುರುವಾಗುತ್ತಲೇ ಬೇಣಕ್ಕೆ ಬೇಲಿ ಕಟ್ಟುತ್ತಿದ್ದರು, ಒಂದು ಕರುವನ್ನೂ ಒಳಗೆ ಬಿಡುತ್ತಿರಲಿಲ್ಲ. ಹುಲ್ಲು ಸೊಂಟದೆತ್ತರ ಬೆಳೆದು ತೆನೆ ಬಿಟ್ಟು ಬೀಜ ಉದುರಿಸುವವರೆಗೂ ಕಾಯುತ್ತಿದ್ದರು. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಊರಿನ ಆಳೆಲ್ಲ ಸೇರಿ ಕರಡ ಕೊಯ್ಯುತ್ತಿದ್ದರು. ಎಳೆಯದು ಕೊಟ್ಟಿಗೆಯ ಅಟ್ಟಕ್ಕೆ, ಬಲಿತದ್ದು ದನದ ಕಾಲಡಿಗೆ ಮತ್ತು ತೋಟದ ಮುಚ್ಚಿಗೆಗೆ. ಕೊಯ್ದಾದ ಮೇಲೆಯೇ ಬೇಲಿ ತೆಗೆದು ದನ ಬಿಡುತ್ತಿದ್ದದ್ದು. ಯಾರೂ ಬೀಜ ಬಿತ್ತದ ಆ ಹುಲ್ಲು ವರ್ಷ ವರ್ಷವೂ ಬರುತ್ತಿತ್ತು, ಏಕೆಂದರೆ ಅದಕ್ಕೆ ಬೆಳೆದು ಬೀಜ ಉದುರಿಸಲು ನಾಲ್ಕು ತಿಂಗಳ ಬಿಡುವು ಕೊಡುತ್ತಿದ್ದರು. ಬೆಳೆ ಎಂಬ ಹೆಸರಿರಲಿಲ್ಲ, ಆದರೆ ನಡೆಸಿಕೊಳ್ಳುತ್ತಿದ್ದದ್ದು ಬೆಳೆಯ ಹಾಗೆಯೇ.

ಅದು ಹೋದದ್ದು ಹೇಗೆಂದು ನೀವು ತಿಳಿದಿರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರದ ಗದ್ದೆ ತೋಟಗಳ ಜೊತೆ ಶರಾವತಿ ಕಣಿವೆಯ ಹುಲ್ಲುಗಾವಲೂ ಮುಳುಗಿತು. ಆಮೇಲೆ ಚಕ್ರಾ, ಸಾವೆಹಕ್ಲು, ಮಾಣಿ. ಊರು ಬಿಟ್ಟವರು ದನಗಳನ್ನು ಹೊಡೆದುಕೊಂಡು ಬೇರೆ ಊರಿನ ಗುಡ್ಡಕ್ಕೆ ಬಂದರು; ಆ ಗುಡ್ಡಗಳಿಗೆ ಎರಡು ಊರಿನ ದನದ ಭಾರ ಬಿತ್ತು. ಎಂಬತ್ತರ ದಶಕದಿಂದ ಕಾಗದದ ಕಾರ್ಖಾನೆಗಾಗಿ ಅಕೇಶಿಯಾ ನೆಟ್ಟರು. ಅಕೇಶಿಯಾ ತೋಪಿನೊಳಗೆ ಹೋಗಿ ನೋಡಿ, ದಪ್ಪಗೆ ಒಣ ಎಲೆ ಬಿದ್ದಿರುತ್ತದೆ, ಅದರಡಿ ಒಂದು ಗರಿಕೆಯೂ ಏಳುವುದಿಲ್ಲ. ಉಳಿದ ಬೇಣಗಳಿಗೆ ಯುಪಟೋರಿಯಂ ಕಳೆ ನುಗ್ಗಿತು. ಅಡಿಕೆಗೆ ಒಳ್ಳೆಯ ಬೆಲೆ ಬಂದಾಗ ಮಿಕ್ಕದ್ದಕ್ಕೆ ನಾವೇ ಜೆಸಿಬಿ ತಂದೆವು. ಗದ್ದೆಯೂ ತೋಟವಾಯಿತು, ಹಾಗಾಗಿ ಮನೆಯಂಗಳದ ಗೊಣಬೆಗೆ ಬಿಳಿಹುಲ್ಲೂ ಇಲ್ಲವಾಯಿತು.

ಈಗ ಬಿಳಿಹುಲ್ಲು ಬರುವುದು ಭದ್ರಾ ನೀರಿರುವ ಕಡೆಯಿಂದ, ರೋಲು ಕಟ್ಟಿ, ಲಾರಿಯಲ್ಲಿ. ಕುರಿಗೊಬ್ಬರವೂ ಬಯಲುಸೀಮೆಯಿಂದಲೇ ಬರುತ್ತದೆ. ಹಿಂಡಿ ಪೇಟೆಯಿಂದ. ಹಾಲಿನ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಮೇವಿನದೇ ಎಂದು ಪಶುಪಾಲನೆ ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಎರಡು ಪಾಲನ್ನೂ ದುಡ್ಡು ಕೊಟ್ಟು ತರುವ ಮನೆಗೆ ಡೇರಿಯ ಬಟವಾಡೆಯಲ್ಲಿ ಏನು ಉಳಿಯುತ್ತದೆ? ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಹಿಂಡಿಯ ಅಂಗಡಿಗೇ ಹೋಗುತ್ತದೆ. ಒಂದು ವರ್ಷ ಹೀಗೆ ನಡೆಸಿ, ಎರಡನೆಯ ವರ್ಷ ಹಸು ಮಾರಿ, ಸಾಲದ ಕಂತು ಮಾತ್ರ ಉಳಿಸಿಕೊಂಡ ಹುಡುಗರನ್ನು ನಾನು ಕಂಡಿದ್ದೇನೆ. ಅವರು ಸೋಮಾರಿಗಳಾಗಿರಲಿಲ್ಲ. ಹಸುವನ್ನು ಮೊದಲು ತಂದರು, ಹುಲ್ಲನ್ನು ಆಮೇಲೆ ನೆನೆದರು, ಅಷ್ಟೇ.

ಹುಲ್ಲಿನ ವಿಷಯ ದುಡ್ಡಿನಲ್ಲೇ ಮುಗಿಯುವಂತಿದ್ದರೆ ನಾನು ಇಷ್ಟು ಚಿಂತಿಸುತ್ತಿರಲಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಮನೆಗಳಲ್ಲಿ ಏನಾಯಿತೆಂದು ನಿಮಗೆ ನೆನಪಿರಬೇಕು. ತೀರ್ಥಹಳ್ಳಿಯ ಕಡೆಯೂ ವರ್ಷ ಬಿಟ್ಟು ವರ್ಷ ಭಯ ತಪ್ಪಿಲ್ಲ. ಈ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗು. ಎಳೆಯ ಉಣುಗು ಹೆಚ್ಚಾಗುವುದು ಮಳೆ ನಿಂತ ಮೇಲೆ, ಚಳಿಗಾಲದಿಂದ ಬೇಸಿಗೆಯವರೆಗೆ. ಬೇಣದಲ್ಲಿ ಹುಲ್ಲು ಮುಗಿದು ದನ ಕಾಡಿನ ಒಳಗೊಳಗೆ ಹೋಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಹಸುವಿನ ಹಾಲಿನಿಂದ ಮಂಗನ ಕಾಯಿಲೆ ಬರುತ್ತದೆಂದು ಹೆದರಬೇಡಿ. ಆದರೆ ಬಲಿತ ಉಣುಗು ದನದಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿದೇ ಮೊಟ್ಟೆಯಿಡುವುದು, ದನದ ಮೈಯೇರಿಯೇ ಅದು ಕಾಡಿನಂಚಿನಿಂದ ಮನೆಯ ಹತ್ತಿರ ಬರುವುದು. ದನ ಹುಡುಕುತ್ತ, ದರಕು ಗುಡಿಸುತ್ತ ಕಾಡಿಗೆ ಹೋಗುವವರು ನಮ್ಮ ಮನೆಯ ಹೆಂಗಸರು, ಕೂಲಿಯವರು. ಮನೆಯ ಹಿಂದೆ ಹಸಿರು ಹುಲ್ಲಿದ್ದರೆ ಆ ಐದಾರು ತಿಂಗಳು ದನವನ್ನು ಕಟ್ಟಿ ಮೇಯಿಸಬಹುದು. ಕಾಡಂಚಿನ ಊರಿನ ಮಕ್ಕಳು ಹುಲ್ಲು ಬೆಳೆಯಲು ಇದೊಂದೇ ಕಾರಣ ಸಾಕಲ್ಲವೇ?

ಹುಲ್ಲನ್ನು ಬೆಳೆಯೆಂದು ನಡೆಸಿಕೊಳ್ಳುವ ಬುದ್ಧಿ ಮಳೆ ಕಡಿಮೆಯಿರುವ ಕಡೆ ಇನ್ನೂ ಉಳಿದಿದೆ. ತಮಿಳುನಾಡಿನ ಕಾಂಗೇಯಂ ಸೀಮೆಯಲ್ಲಿ ಆಗುಂಬೆಯ ಮಳೆಯ ಹತ್ತರಲ್ಲೊಂದು ಪಾಲಿನ ಆಸುಪಾಸಷ್ಟೇ ಬೀಳುತ್ತದೆ. ಅಲ್ಲಿನ ರೈತರು ತಮ್ಮ ಹೊಲವನ್ನೇ ಕೊರಂಗಾಡು ಎಂಬ ಹುಲ್ಲುಗಾವಲಾಗಿ ಇಟ್ಟುಕೊಂಡಿದ್ದಾರೆ. ಸುತ್ತ ಮುಳ್ಳುಗಿಡದ ಜೀವಂತ ಬೇಲಿ, ನಡುನಡುವೆ ಬಿಳಿಜಾಲಿ, ನೆಲದಲ್ಲಿ ಬರ ತಡೆಯುವ ಬಹುವಾರ್ಷಿಕ ಹುಲ್ಲು. ಒಂದು ಭಾಗದಲ್ಲಿ ಮೇಯಿಸಿ, ಇನ್ನೊಂದಕ್ಕೆ ಬಿಡುವು ಕೊಡುತ್ತಾರೆ. ಕಾಂಗೇಯಂ ಎತ್ತುಗಳ ಹೆಸರು ಉಳಿದಿರುವುದು ಆ ಹುಲ್ಲಿನಿಂದ. ನಮ್ಮ ಬೇಣದ ಲೆಕ್ಕಾಚಾರವೂ ಇದೇ ಆಗಿತ್ತು. ಅವರು ಬಿಡಲಿಲ್ಲ, ನಾವು ಬಿಟ್ಟೆವು.

ಈಗ ಕೆಲಸದ ಮಾತಿಗೆ ಬರುತ್ತೇನೆ. ಎಲ್ಲರ ಬಾಯಲ್ಲಿರುವುದು ಹೈಬ್ರಿಡ್ ನೇಪಿಯರ್. ಸಜ್ಜೆಗೂ ಆನೆಹುಲ್ಲಿಗೂ ಕೂಡಿಸಿ ಮಾಡಿದ ತಳಿ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಿಂದ ಬಂದ ಕೋ-3, ಕೋ-4, ಕೋ-5 ನಮ್ಮ ಕಡೆ ಬಹಳ ಕೊಟ್ಟಿಗೆಗಳ ಹಿಂದೆ ಇವೆ. ಧಾರವಾಡದಲ್ಲಿರುವ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರದವರದೂ ‘ಸಂಪೂರ್ಣ’ ಎಂಬ ತಳಿಯಿದೆ. ಹೈಬ್ರಿಡ್ ನೇಪಿಯರಿನಲ್ಲಿ ಬೀಜ ಕಟ್ಟುವುದಿಲ್ಲ, ಗಂಟಿನ ತುಂಡನ್ನೇ ನೆಡಬೇಕು. ಬಲಿತ ಕಾಂಡದಲ್ಲಿ ಎರಡು ಮೂರು ಗಂಟಿರುವಂತೆ ಕತ್ತರಿಸಿ, ಒಂದು ಗಂಟು ಮಣ್ಣಿನ ಮೇಲೆ ಕಾಣುವಂತೆ ಓರೆಯಾಗಿ ಊರಿ. ಸಾಲಿಂದ ಸಾಲಿಗೆ ಮೂರು ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ. ಹೀಗೆ ಗುಂಟೆಗೆ ಸುಮಾರು 180 ತುಂಡು ಹಿಡಿಯುತ್ತವೆ. ನೀರು, ಗೊಬ್ಬರ ಚೆನ್ನಾಗಿ ಸಿಕ್ಕರೆ ಒಂದು ಎಕರೆ ಹುಲ್ಲು ಎಂಟು ಹಸುವಿಗೆ ಆಗುತ್ತದೆಂಬುದು ಬಹುಕಾಲದ ಲೆಕ್ಕ. ಅಂದರೆ ಮಿಶ್ರತಳಿ ಹಸುವಿಗೆ 5 ಗುಂಟೆ. ನಮ್ಮ ನಾಡತಳಿ ಮಲೆನಾಡು ಗಿಡ್ಡಕ್ಕೆ ಅದರ ಅರ್ಧ ಸಾಕು.

ಬಯಲುಸೀಮೆಯ ವಿಡಿಯೋ ನೋಡಿ ಜುಲೈ ಮಳೆಯಲ್ಲಿ ನೆಡಬೇಡಿ. ನಮ್ಮ ಆಷಾಢದ ಮಳೆಗೆ ಬೇರು ಬಿಡದ ತುಂಡು ಕೊಳೆತುಹೋಗುತ್ತದೆ. ಮೇ ಕೊನೆಯ ಮಳೆಗೆ ನೆಟ್ಟರೆ ದೊಡ್ಡ ಮಳೆ ಹಿಡಿಯುವಷ್ಟರಲ್ಲಿ ಬೇರು ಕೂರುತ್ತದೆ. ತಪ್ಪಿದರೆ ಸೆಪ್ಟೆಂಬರಿನವರೆಗೆ ತಾಳಿ. ನೇಪಿಯರ್‌ಗೆ ನೀರು ಬೇಕು, ಆದರೆ ಬುಡದಲ್ಲಿ ನಿಂತ ನೀರು ಆಗದು. ಇಳಿಜಾರಿನಲ್ಲೋ ಏರಿ ಮಾಡಿಯೋ ನೆಡಿ. ನಮ್ಮ ಮಣ್ಣು ಹುಳಿ ಮಣ್ಣು, ನೆಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಕೊಡುವುದು ಒಳ್ಳೆಯದು. ಮೊದಲ ಕೊಯ್ಲು ಎಪ್ಪತ್ತು ಎಪ್ಪತ್ತೈದು ದಿನಕ್ಕೆ, ಆಮೇಲೆ 40-45 ದಿನಕ್ಕೊಮ್ಮೆ.

ಹುಡುಗರು ಹೆಚ್ಚಾಗಿ ತಪ್ಪುವುದು ಕೊಯ್ಲಿನಲ್ಲಿ. ಎತ್ತರ ಬೆಳೆದಷ್ಟೂ ಲಾಭ ಎಂದು ಬಿಟ್ಟುಬಿಡುತ್ತಾರೆ. ಆಳೆತ್ತರ ದಾಟಿದ ನೇಪಿಯರಿನ ಕಾಂಡ ಕಬ್ಬಿನಂತಾಗುತ್ತದೆ, ಎಲೆಯಂಚು ಕೈಗೆ ಗೀರುತ್ತದೆ. ಹಸು ಎಲೆ ಎಳೆದುಕೊಂಡು ಕಾಂಡವನ್ನು ಬಾನಿಯಲ್ಲೇ ಬಿಡುತ್ತದೆ. ಬೆಳಗ್ಗೆ ಬಾನಿಯಲ್ಲಿ ಉಳಿದ ಕಾಂಡ ನೋಡಿದರೇ ಸಾಕು, ಹುಲ್ಲು ಎಷ್ಟು ದಿನ ತಡವಾಗಿ ಕೊಯ್ದದ್ದೆಂದು ಹೇಳಬಹುದು. ಕುಡುಗೋಲನ್ನು ಹರಿತವಾಗಿಟ್ಟುಕೊಳ್ಳಿ. ನೆಲದಿಂದ ಅರ್ಧ ಗೇಣು ಬಿಟ್ಟು, ಒಂದೇ ಏಟಿಗೆ, ಓರೆಯಾಗಿ ಕೊಯ್ಯಿರಿ. ಜಗ್ಗಿ ಕಿತ್ತರೆ ಬುಡ ಅಲುಗಿ ನೀರು ಇಳಿದು ಕೊಳೆಯುತ್ತದೆ. ಕೊಯ್ದ ಸಾಲಿಗೆ ಅಂದೇ ಕೊಟ್ಟಿಗೆ ತೊಳೆದ ಸಗಣಿನೀರು ಬಿಡಿ. ಕೊಟ್ಟಿಗೆಗಿಂತ ಸ್ವಲ್ಪ ತಗ್ಗಿನಲ್ಲಿ ಹುಲ್ಲು ನೆಟ್ಟರೆ ಆ ನೀರು ಕಾಲುವೆಯಲ್ಲಿ ತಾನೇ ಹರಿದುಹೋಗುತ್ತದೆ, ಯಾರೂ ಹೊರಬೇಕಾಗಿಲ್ಲ. ಪ್ಲಾಟನ್ನು ನಾಲ್ಕೈದು ತುಂಡು ಮಾಡಿಕೊಂಡು ಸರದಿಯಲ್ಲಿ ಕೊಯ್ಯುವ ಅಭ್ಯಾಸ ಮಾಡಿಕೊಳ್ಳಿ. ಕೊನೆಯ ತುಂಡು ಮುಗಿಯುವಾಗ ಮೊದಲನೆಯದು ಸಿದ್ಧವಾಗಿರುತ್ತದೆ.

ನೇಪಿಯರ್ ಒಂದನ್ನೇ ನೆಚ್ಚಬೇಡಿ. ತೋಟದ ಧರೆಗೆ, ತೆಂಗಿನ ನೆರಳಿಗೆ ಗಿನಿಹುಲ್ಲು ಒಳ್ಳೆಯದು. ಧರೆಯ ಮಣ್ಣನ್ನೂ ಹಿಡಿಯುತ್ತದೆ. ನೀರು ನಿಲ್ಲುವ ಹಡ್ಡೆಗೆ ಪ್ಯಾರಾ ಹುಲ್ಲು. ಉಳಿದಿರುವ ಬೇಣಕ್ಕೆ ಸ್ಟೈಲೋ ಬೀಜವನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು ಮೊದಲ ಮಳೆಗೆ ಎರಚಿ. ಅದು ದ್ವಿದಳ, ಸತ್ವವಿಲ್ಲದ ಜಂಬಿಟ್ಟಿಗೆ ಮಣ್ಣಿನಲ್ಲೂ ಬೇರೂರುತ್ತದೆ. ಬೇಲಿಗೆ ಗೊಬ್ಬರದ ಗಿಡ, ಹಾಲವಾಣ ಹಾಕಿದರೆ ಬೇಸಿಗೆಯಲ್ಲಿ ಸೊಪ್ಪು. ಬೇಣ ಉಳಿದಿರುವ ಪುಣ್ಯವಂತರು ಯುಪಟೋರಿಯಂ ಹೂ ಬಿಡುವ ಮೊದಲು ಬುಡಸಮೇತ ಕೀಳಿಸಿ, ಒಂದು ಮಳೆಗಾಲ ಬೇಲಿ ಕಟ್ಟಿ ದನ ಬಿಡದೆ ಇಟ್ಟು ನೋಡಿ. ಹಳೆಯ ಹುಲ್ಲಿನ ಬೇರು ಇನ್ನೂ ಜೀವವಿಟ್ಟುಕೊಂಡಿದ್ದರೆ ಒಂದೇ ವರ್ಷದಲ್ಲಿ ತಲೆಯೆತ್ತುತ್ತದೆ.

ಇನ್ನೊಂದು ಚಾಳಿಯ ಬಗ್ಗೆ ಹೇಳಲೇಬೇಕು. ತೋಟದ ಹುಲ್ಲಿಗೆ, ದಾರಿಯ ಹುಲ್ಲಿಗೆ, ಧರೆಯ ಹುಲ್ಲಿಗೆ ಎಲ್ಲಕ್ಕೂ ಕಳೆನಾಶಕ ಹೊಡೆಯುವುದು ಈಗ ಮನೆಮನೆಯ ರೂಢಿಯಾಗಿದೆ. ಬೆಳಗ್ಗೆ ಹುಲ್ಲು ಸಾಯಲು ದುಡ್ಡು ಕೊಟ್ಟು, ಸಂಜೆ ಹುಲ್ಲು ತರಲು ದುಡ್ಡು ಕೊಡುವ ಬದುಕು ನಮ್ಮದಾಗಬಾರದು ಮಕ್ಕಳೇ. ಹುಲ್ಲು ಹೊಡೆಯುವ ಮೆಷಿನ್ ನಿಮ್ಮ ಮನೆಯಲ್ಲಿದೆಯಲ್ಲ, ಅದನ್ನು ಬಳಸಿ. ಆದರೆ ಅಡಿಕೆಗೆ ಕೊಳೆಔಷಧಿ ಹೊಡೆದ ತೋಟದ ಹುಲ್ಲನ್ನು ಮಾತ್ರ ದನಕ್ಕೆ ಹಾಕಬೇಡಿ. ಮೇಲಿಂದ ತೊಟ್ಟಿಕ್ಕಿದ ಮೈಲುತುತ್ತ ಅದರ ಮೇಲಿರುತ್ತದೆ. ಅಡಿಕೆ ಹಾಳೆಯನ್ನು ಕತ್ತರಿಸಿ ಒಣಮೇವು ಮಾಡುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಔಷಧಿ ತಾಗದ ಬೇಸಿಗೆಯ ಹಾಳೆಯಾದರೆ ಒಳ್ಳೆಯ ಮೇವು.

ತಳಿಯ ಆಸೆಗೂ ಕಡಿವಾಣ ಹಾಕಿ. ಮೊಬೈಲಿನಲ್ಲಿ ಸೂಪರ್, ಕೆಂಪು, ದೈತ್ಯ ಎಂದೆಲ್ಲ ಹೆಸರು ಹೇಳಿ ಒಂದೊಂದು ಗಂಟಿಗೂ ಬೆಲೆ ಕಟ್ಟಿ ಮಾರುವವರಿದ್ದಾರೆ. ಪಕ್ಕದ ಮನೆಯ ಕೋ-4 ಬುಡದಿಂದ ಪುಕ್ಕಟೆ ಸಿಗುವುದನ್ನು ಬಿಟ್ಟು ಸಾವಿರಾರು ರೂಪಾಯಿ ಕಳಿಸಬೇಡಿ. ಇರುವ ಹುಲ್ಲಿಗೆ ಸಗಣಿನೀರು ಬಿಟ್ಟು ಹೊತ್ತಿಗೆ ಸರಿಯಾಗಿ ಕೊಯ್ಯುವುದರಿಂದ ಸಿಗುವಷ್ಟು ಇಳುವರಿ ಯಾವ ಹೊಸ ಹೆಸರಿನಿಂದಲೂ ಸಿಗುವುದಿಲ್ಲ. ತಳಿಯ ಬಗ್ಗೆ ಅನುಮಾನವಿದ್ದರೆ ಸಾಗರದವರಿಗೆ ಆನಂದಪುರದ ಬಳಿಯ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪನಾಯಕರ ಹೆಸರಿನ ಕೃಷಿ ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಸಂಕೋಚ ಬಿಟ್ಟು ಹೋಗಿ ಕೇಳಿ.

ಮೇಯಿಸುವಾಗಲೂ ಎಚ್ಚರ ಬೇಕು. ಮಳೆಗಾಲದ ನೀರು ತುಂಬಿದ ಎಳೆ ಹುಲ್ಲನ್ನೇ ಹೊಟ್ಟೆತುಂಬ ಹಾಕಿದರೆ ಸಗಣಿ ತೆಳ್ಳಗಾಗುತ್ತದೆ, ಹೊಟ್ಟೆ ಉಬ್ಬರಿಸಲೂಬಹುದು. ಒಂದಷ್ಟು ಒಣಹುಲ್ಲು ಮೊದಲು ಕೊಡಿ. ನೇಪಿಯರ್‌ನಲ್ಲಿ ಆಕ್ಸಲೇಟ್ ಇರುವುದರಿಂದ ಅದು ಸುಣ್ಣದಂಶವನ್ನು ಹಿಡಿದುಕೊಳ್ಳುತ್ತದೆ. ಖನಿಜ ಮಿಶ್ರಣ ತಪ್ಪಿಸಬೇಡಿ, ದ್ವಿದಳ ಸೊಪ್ಪು ಬೆರೆಸಿ. ಯೂರಿಯಾ ಹಾಕಿದ ಕೂಡಲೇ ಕೊಯ್ಯಬೇಡಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೆಚ್ಚಾದ ಹುಲ್ಲನ್ನು ಕೊಚ್ಚಿ, ಡ್ರಮ್ಮಿನಲ್ಲೋ ದಪ್ಪ ಚೀಲದಲ್ಲೋ ಗಾಳಿ ಉಳಿಯದಂತೆ ತುಳಿದು ಮುಚ್ಚಿಟ್ಟರೆ ರಸಮೇವಾಗುತ್ತದೆ. ಒಂದೂವರೆ ತಿಂಗಳ ಮೇಲೆ ತೆಗೆದು ಹಾಕಬಹುದು, ಬೇಸಿಗೆಗೆ ಇಟ್ಟುಕೊಳ್ಳಬಹುದು. ನಮ್ಮ ಹಿರಿಯರು ಅಟ್ಟದ ಮೇಲೆ ಕರಡ ತುಂಬುತ್ತಿದ್ದ ತಿಂಗಳಲ್ಲೇ ಈ ಕೆಲಸವೂ ಬರುತ್ತದೆ.

ಹಸು ಯಾವುದೆಂದು ಕೇಳುವ ಮಕ್ಕಳಿಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಂದು ಎಕರೆ ತೋಟವಿರುವವರಿಗೆ ಹಾಲಿಗಿಂತ ಗೊಬ್ಬರವೇ ದೊಡ್ಡ ಆದಾಯ. ಅಡಿಕೆ ಮರಕ್ಕೆ ವರ್ಷಕ್ಕೆ 12 ಕೆ.ಜಿ. ಕೊಟ್ಟಿಗೆ ಗೊಬ್ಬರ, ಅಷ್ಟೇ ಹಸಿರುಸೊಪ್ಪು ಕೊಡಬೇಕೆಂದು ಸಂಶೋಧಕರು ಹೇಳುತ್ತಾರೆ. ಎಕರೆಗೆ 550 ಮರವೆಂದರೆ ಆರೂವರೆ ಟನ್ ಗೊಬ್ಬರ. ಎರಡು ಮೂರು ದನ, ಅವುಗಳ ಕಾಲಡಿಗೆ ಸೊಪ್ಪು ಕರಡ ಇದ್ದರೆ ಇದು ಮನೆಯಲ್ಲೇ ಆಗುತ್ತದೆ. ನೂರು ಕೆ.ಜಿ. ಆಸುಪಾಸು ತೂಗುವ ಮಲೆನಾಡು ಗಿಡ್ಡ ಒಂದೆರಡು ಲೀಟರ್ ಹಾಲು ಕೊಡುತ್ತದೆ, ಮಳೆಗೂ ಗುಡ್ಡಕ್ಕೂ ಒಗ್ಗಿದ ಜೀವ, ಡಾಕ್ಟರನ್ನು ಕರೆಸುವುದು ಅಪರೂಪ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ತೀರ್ಥಹಳ್ಳಿ, ಹೊಸನಗರದ ಎಷ್ಟೋ ತೋಟಗಳು ಸೊರಗಿದ್ದನ್ನು ನೀವೇ ನೋಡಿದ್ದೀರಿ. ಅಡಿಕೆಯೊಂದನ್ನೇ ನಂಬಿದ ಮನೆಗೂ ಕೊಟ್ಟಿಗೆಯಿರುವ ಮನೆಗೂ ಅಂಥ ವರ್ಷಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಹಿಂದೆ ದೀಪಾವಳಿಯ ಗೋಪೂಜೆಗೆ ಅಡಿಕೆ ಸರ, ಪಚ್ಚೆತೆನೆ, ಉಗಣೆಕಾಯಿ ಸರ ಕಟ್ಟಲು ಮನೆಯ ಮಕ್ಕಳೆಲ್ಲ ರಾತ್ರಿ ಕೂರಬೇಕಿತ್ತು, ಅಷ್ಟು ಕೊರಳುಗಳಿದ್ದವು. ಈಗ ಪೂಜೆಗೊಂದು ಹಸು ಬೇಕೆಂದು ಪಕ್ಕದ ಕೇರಿಗೆ ಹೋಗುವ ಮನೆಗಳಿವೆ. ಕೊಟ್ಟಿಗೆಯಿರುವ ಮನೆಗೆ ಹೆಣ್ಣು ಕೊಡುವುದಿಲ್ಲ ಎನ್ನುವ ಮಾತೂ ಬಂದಿದೆ. ಆ ಹೆಣ್ಣುಮಕ್ಕಳನ್ನು ನಾನು ದೂರುವುದಿಲ್ಲ. ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಇಂಬಳ ಕಚ್ಚಿಸಿಕೊಳ್ಳುತ್ತ, ಮೈಲಿ ದೂರದಿಂದ ಹುಲ್ಲುಹೊರೆ ಹೊತ್ತ ತಾಯಂದಿರನ್ನು ನೋಡಿ ಬೆಳೆದವರು ಅವರು. ತಮ್ಮಂದಿರಾ, ಆ ಹೊರೆಯನ್ನು ಇಳಿಸುವ ಕೆಲಸ ನಿಮ್ಮದು. ಕೊಟ್ಟಿಗೆಯಿಂದ ಇಪ್ಪತ್ತು ಹೆಜ್ಜೆಯಲ್ಲಿ ಹುಲ್ಲು, ಹುಲ್ಲು ಕೊಚ್ಚುವ ಒಂದು ಯಂತ್ರ, ಸಗಣಿನೀರಿಗೊಂದು ಕಾಲುವೆ ಇದ್ದರೆ ಕೊಟ್ಟಿಗೆಯ ಕೆಲಸ ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸಿಗೆ ಇಳಿಯುತ್ತದೆ. ಅದನ್ನು ಗಂಡಸರೂ ಮಾಡಬಹುದು, ಮಾಡಬೇಕು.

ಊರಿನ ಗೋಮಾಳವನ್ನೂ ಮರೆಯಬೇಡಿ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ಕರ್ನಾಟಕದ ಭೂಕಂದಾಯ ನಿಯಮವೇ ಹೇಳುತ್ತದೆ. ನಿಮ್ಮ ಊರಿನಲ್ಲಿ ಎಷ್ಟು ಉಳಿದಿದೆ ಎಂದು ಪಹಣಿ ತೆಗೆಸಿ ನೋಡಿ. ಗ್ರಾಮಸಭೆಯಲ್ಲಿ ಅಡಿಕೆ ಬೆಲೆ, ರಸ್ತೆ, ನೆಟ್‌ವರ್ಕ್ ಬಗ್ಗೆ ಮಾತಾಡುವ ನೀವು ಒಮ್ಮೆ ಇದನ್ನೂ ಎತ್ತಿ. ಉಳಿದದ್ದನ್ನು ಊರವರೇ ಬೇಲಿ ಕಟ್ಟಿ, ಮಳೆಗಾಲ ಬಿಡುವು ಕೊಟ್ಟು, ಕೊಯ್ದು ಹಂಚಿಕೊಳ್ಳುವ ಹಳೆಯ ಕ್ರಮಕ್ಕೆ ಮರಳಲು ಯಾವ ಯೋಜನೆಗೂ ಕಾಯಬೇಕಿಲ್ಲ.

ಈ ಬೇಸಿಗೆ ಮುಗಿಯುವ ಮೊದಲು ಕೊಟ್ಟಿಗೆಯ ಹಿಂದೆ ಐದು ಗುಂಟೆ ಜಾಗ ಅಗೆದು ಹದ ಮಾಡಿಡಿ. ನೆಂಟರ ಮನೆಯಲ್ಲೋ ಪಶು ಆಸ್ಪತ್ರೆಯಲ್ಲೋ ಗಂಟು ಕೇಳಿಟ್ಟುಕೊಳ್ಳಿ. ಮೇ ಕೊನೆಯ ಮಳೆ ಬಿದ್ದ ಮರುದಿನವೇ ಊರಿ. ಒಂದು ವರ್ಷ ಆ ಹುಲ್ಲನ್ನು ಕೊಯ್ದು ನಿಭಾಯಿಸಿ. ಇರುವ ದನವನ್ನು ಉಳಿಸಿಕೊಳ್ಳುವುದೋ, ಹೊಸ ಹಸು ತರುವುದೋ ಆಮೇಲೆ ತೀರ್ಮಾನಿಸಿ. ಅಲ್ಲಿಯವರೆಗೆ ದಯವಿಟ್ಟು ಬ್ಯಾಂಕಿಗೆ ಅರ್ಜಿ ಹಾಕಬೇಡಿ, ಇರುವ ಕೊನೆಯ ಹಸುವನ್ನೂ ಮಾರಬೇಡಿ.